ಕ್ಯಾನ್ಸರ್ ಸ್ಕ್ಯಾನ್ ಸಂಶೋಧನೆಗೆ ಇನ್ಫರ್ಮ್ಯಾಟಿಕ್ಸ್ ಸಲಹೆಗಾರರು ಬೇಕಾ? ಕರೆಸಿ ನೋಡಿದವರು ಹೇಳಿ

ನೆರಳುಬೆಳಕು:
ಎಲ್ಲರಿಗೂ ನಮಸ್ಕಾರ. ನಾನು ರೇಡಿಯಾಲಜಿಸ್ಟ್, ಕಂಪ್ಯೂಟರ್ ವಿಷಯದಲ್ಲಿ ಅಷ್ಟಕ್ಕಷ್ಟೇ. ಶ್ವಾಸಕೋಶದ ಗಂಟುಗಳ ಮೇಲೆ ನಮ್ಮ ತಂಡ ಒಂದು ಅಧ್ಯಯನ ಶುರು ಮಾಡಿದೆ. ಯಾವ ಗಂಟು ಕ್ಯಾನ್ಸರ್, ಯಾವುದು ಸುಮ್ನೆ ಕೂತಿರುವ ಗಂಟು ಅಂತ ಸಿಟಿ ಸ್ಕ್ಯಾನ್ ನೋಡಿಯೇ ಹೇಳಲು ಆಗುತ್ತಾ ಅನ್ನುವುದು ಪ್ರಶ್ನೆ. ಮೂರು ಆಸ್ಪತ್ರೆಗಳಿಂದ ಸುಮಾರು 1400 ರೋಗಿಗಳ ಸ್ಕ್ಯಾನ್ ಬಂದಿದೆ, ಎಲ್ಲವೂ ಹಾರ್ಡ್ ಡಿಸ್ಕಿನಲ್ಲಿ. ಒಂದು ಡಿಸ್ಕಿನಲ್ಲಿ ಫೋಲ್ಡರುಗಳಿಗೆ ರೋಗಿಯ ಹೆಸರೇ ಇದೆ. ಇನ್ನೊಂದರಲ್ಲಿ ನಂಬರ್. ಮೂರನೆಯದರಲ್ಲಿ 'ಹೊಸದು', 'ಹೊಸದು2', 'ಫೈನಲ್ ಹೊಸದು'.

ಇನ್ಫರ್ಮ್ಯಾಟಿಕ್ಸ್ ಸಲಹೆಗಾರರನ್ನು ಕರೆಸೋಣ ಅಂತ ನಮ್ಮ ಮುಖ್ಯಸ್ಥರು. 'ಯಾಕೆ ಮೇಡಂ, ನಾನೇ ಪೈಥಾನಿನಲ್ಲಿ ಮಾಡುತ್ತೇನೆ, ಎರಡು ವಾರ ಕೊಡಿ' ಅಂತ ನಮ್ಮ ಪಿಎಚ್‌ಡಿ ಹುಡುಗ. ಅವನು ಹಾಗಂದು ಎರಡು ತಿಂಗಳಾಯಿತು.

ಈ ಸಲಹೆಗಾರರು ನಿಜವಾಗಿ ಏನು ಮಾಡುತ್ತಾರೆ? ಯಾವಾಗ ಕರೆಯಬೇಕು? ಒಳ್ಳೆಯವರು ಯಾರು ಅಂತ ಗೊತ್ತಾಗುವುದು ಹೇಗೆ?

ಹಳೇಸರ್ವರ್:
ಯಾವಾಗ ಕರೆಯಬೇಕು? ಮೊದಲ ಹಾರ್ಡ್ ಡಿಸ್ಕ್ ಬರುವ ಮುಂಚೆ.

ನೆರಳುಬೆಳಕು:
@ಹಳೇಸರ್ವರ್ ಆ ಬಸ್ಸು ಹೋಯಿತು. ಮುಂದಿನ ಬಸ್ಸು ಹೇಳಿ.

ಟ್ಯಾಗ್‌ಮೇಸ್ತ್ರಿ:
ನಾನು ಇದೇ ಕೆಲಸ ಮಾಡುವವನು, ಹಾಗಾಗಿ ನನ್ನ ಮಾತಿಗೆ ಸ್ವಲ್ಪ ಉಪ್ಪು ಖಾರ ಕಮ್ಮಿ ಮಾಡಿಕೊಂಡೇ ಓದಿ.

ಯಾರಾದರೂ ಕರೆದರೆ ನಾನು ಮೊದಲ ಮೀಟಿಂಗಿಗೆ ಮುಂಚೆ ಒಂದೇ ಕೇಳುತ್ತೇನೆ. ಪ್ರತಿ ಆಸ್ಪತ್ರೆಯಿಂದ ಐದು ರೋಗಿಗಳ ಸ್ಕ್ಯಾನ್, ಹೆಸರು ತೆಗೆದು ಕೊಡಿ. ಪ್ರೆಸೆಂಟೇಶನ್ ಬೇಡ. ಸ್ಕ್ಯಾನ್ ಕೈಗೆ ಬಂದ ಮೇಲೂ ಚಿತ್ರ ನೋಡಲು ಹೋಗುವುದಿಲ್ಲ, ಹೆಡರ್ ತೆಗೆಯುತ್ತೇನೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಸ್ಕ್ಯಾನ್ ಉಳಿಸುವ ಫೈಲಿನ ರೂಪಕ್ಕೆ ಡೈಕಾಮ್ ಅನ್ನುತ್ತಾರೆ, ಪ್ರತಿ ಡೈಕಾಮ್ ಫೈಲಿನಲ್ಲೂ ಚಿತ್ರದ ಜೊತೆ ಒಂದು ದೊಡ್ಡ ಪಟ್ಟಿ ಇರುತ್ತದೆ, ಅದೇ ಹೆಡರ್. ಯಾವ ಯಂತ್ರ, ಎಷ್ಟು ಮಿಲಿಮೀಟರ್ ದಪ್ಪದ ಸ್ಲೈಸ್ (ದೇಹದ ಅಡ್ಡ ಹೋಳಿನ ಚಿತ್ರ), ಯಾವ ಕರ್ನಲ್ (ಚಿತ್ರವನ್ನು ಚೂಪಾಗಿಯೋ ಮೆದುವಾಗಿಯೋ ಕಟ್ಟುವ ಲೆಕ್ಕ), ಕಾಂಟ್ರಾಸ್ಟ್ ಮದ್ದು ಕೊಟ್ಟರಾ ಇಲ್ಲವಾ, ಎಲ್ಲ ಅದರಲ್ಲಿರುತ್ತದೆ. ಅದನ್ನು ಒಂದು ಟೇಬಲ್ ಮಾಡಿ ಆಸ್ಪತ್ರೆವಾರು ಜೋಡಿಸಿದರೆ ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ.

ಒಂದು ಉದಾಹರಣೆ. ಒಂದು ತಂಡದ ಎಐ ಮಾಡೆಲ್ ಎಷ್ಟು ಚೆನ್ನಾಗಿ ಕ್ಯಾನ್ಸರ್ ಹಿಡಿಯುತ್ತಿತ್ತು ಅಂದರೆ ಅವರಿಗೇ ಅನುಮಾನ ಬಂದು ನನ್ನನ್ನು ಕರೆದರು. ಟೇಬಲ್ ಮಾಡಿ ನೋಡಿದೆ. ಕ್ಯಾನ್ಸರ್ ಇದ್ದ ರೋಗಿಗಳು ಹೆಚ್ಚುಕಮ್ಮಿ ಎಲ್ಲರೂ ಒಂದೇ ದೊಡ್ಡ ಆಸ್ಪತ್ರೆಯವರು: 1 ಮಿಮೀ ಸ್ಲೈಸ್, ಚೂಪು ಕರ್ನಲ್. ಕ್ಯಾನ್ಸರ್ ಇಲ್ಲದವರು ಬೇರೆ ಕಡೆಯವರು: 5 ಮಿಮೀ, ಮೆದು ಕರ್ನಲ್. ಪಾಪ ಆ ಮಾಡೆಲ್ ಗಂಟನ್ನು ನೋಡಿಯೇ ಇರಲಿಲ್ಲ. ಯಾವ ಯಂತ್ರದ ಚಿತ್ರ ಅಂತ ಹೇಳುವುದನ್ನು ಕಲಿತಿತ್ತು.

ಇದು ಅಪರೂಪದ ಕಥೆ ಏನಲ್ಲ. ಎದೆಯ ಎಕ್ಸ್‌ರೇಯಲ್ಲಿ ನ್ಯುಮೋನಿಯಾ ಹುಡುಕುವ ಮಾಡೆಲ್‌ಗಳ ಮೇಲೆ 2018ರಲ್ಲಿ ಬಂದ ಅಧ್ಯಯನವೂ ಇದನ್ನೇ ತೋರಿಸಿತು. ಚಿತ್ರ ಯಾವ ಆಸ್ಪತ್ರೆಯದು ಅಂತ ಮಾಡೆಲ್ ಬಹುತೇಕ ತಪ್ಪಿಲ್ಲದೆ ಹೇಳುತ್ತಿತ್ತು.

ಪೈಥಾನ್‌ಪ್ರಿಯ:
ಇದನ್ನು ಹೇಳೋಕೆ ಸಲಹೆಗಾರ ಬೇಕಾ? ಸ್ಕ್ಯಾನ್ ಕೆಲಸದ ಸಾಫ್ಟ್‌ವೇರ್ ಎಲ್ಲ ಸಿಗುತ್ತೆ: ಪೈಡೈಕಾಮ್ ಫ್ರೀ, ತ್ರೀಡಿ ಸ್ಲೈಸರ್ ಫ್ರೀ, ಆರ್ಥಾಂಕ್ ಫ್ರೀ, ಪೈರೇಡಿಯಾಮಿಕ್ಸ್ ಫ್ರೀ. ಹೆಡರ್ ಟೇಬಲ್ ಮಾಡೋಕೆ ಇಪ್ಪತ್ತು ಸಾಲಿನ ಕೋಡ್ ಸಾಕು. ಇವರು ಬಂದು ನಲವತ್ತು ಸ್ಲೈಡ್ ತೋರಿಸಿ ಹೋಗುತ್ತಾರೆ ಅಷ್ಟೇ. ಪಿಎಚ್‌ಡಿ ಹುಡುಗನ ಕಡೆ ನನ್ನ ಓಟು.

ಟ್ಯಾಗ್‌ಮೇಸ್ತ್ರಿ:
@ಪೈಥಾನ್‌ಪ್ರಿಯ ಇಪ್ಪತ್ತು ಸಾಲು ನಿಜ, ಒಪ್ಪಿದೆ. ಆ ಇಪ್ಪತ್ತು ಸಾಲನ್ನು ಮೊದಲ ದಿನವೇ ಬರೆಯಬೇಕು ಅಂತ ಯಾರಿಗೆ ಹೊಳೆಯುತ್ತದೆ ಅನ್ನುವುದು ಮಾತು. ಒಂದು ಪ್ರಶ್ನೆ ಕೇಳಲಾ? ಫೈಲಿನಿಂದ ರೋಗಿಯ ಹೆಸರು ತೆಗೆಯಬೇಕು. ಎಲ್ಲೆಲ್ಲಿ ತೆಗೆಯುತ್ತೀರಿ?

ಪೈಥಾನ್‌ಪ್ರಿಯ:
ಪೇಶೆಂಟ್ ನೇಮ್, ಪೇಶೆಂಟ್ ಐಡಿ, ಹುಟ್ಟಿದ ದಿನಾಂಕ. ಆಯಿತಲ್ಲ.

ಮುಚ್ಚಿದಕಡತ:
ಅಯ್ಯೋ ದೇವರೇ.

ಮುಚ್ಚಿದಕಡತ:
ಕ್ಷಮಿಸಿ, ಕೈ ತಡೆಯಲಿಲ್ಲ. ನಾನು ಸಂಶೋಧನಾ ಡೇಟಾದ ಗೌಪ್ಯತೆ ನೋಡಿಕೊಳ್ಳುವವಳು. ಡೈಕಾಮ್ ಮಾನದಂಡದ 15ನೇ ಭಾಗದಲ್ಲಿ ಯಾವ ಟ್ಯಾಗನ್ನು (ಹೆಡರಿನ ಒಂದೊಂದು ನಮೂದು) ಅಳಿಸಬೇಕು, ಯಾವುದನ್ನು ಬದಲಿಸಬೇಕು ಅಂತ ನೂರಾರು ಟ್ಯಾಗುಗಳ ಪಟ್ಟಿಯೇ ಇದೆ. ಹೆಸರು ಆ ಮೂರು ಜಾಗದಲ್ಲಿ ಮಾತ್ರ ಕೂರುವುದಿಲ್ಲ. ಟೆಕ್ನೀಷಿಯನ್ ಟಿಪ್ಪಣಿಯಲ್ಲಿ ಇರುತ್ತದೆ, ಸ್ಟಡಿ ಡಿಸ್ಕ್ರಿಪ್ಶನ್‌ನಲ್ಲಿ ಇರುತ್ತದೆ. ಸ್ಕ್ಯಾನರ್ ಕಂಪನಿಗಳು ತಮಗೆ ಬೇಕಾದ್ದನ್ನು ತುಂಬುವ ಪ್ರೈವೇಟ್ ಟ್ಯಾಗುಗಳಿವೆ, ಗುಂಪಿನ ಸಂಖ್ಯೆ ಬೆಸ ಇದ್ದರೆ ಅದು ಪ್ರೈವೇಟ್. ಅಲ್ಲಿ ಏನಿದೆ ಅಂತ ಕಂಪನಿಯ ದಾಖಲೆ ನೋಡದೆ ಹೇಳಲು ಆಗುವುದಿಲ್ಲ. ಹಾಗಂತ ಎಲ್ಲವನ್ನೂ ಅಳಿಸಿದರೆ ಲೆಕ್ಕಕ್ಕೆ ಬೇಕಾದ ಸಂಖ್ಯೆಯೂ ಹೋಗಿಬಿಡಬಹುದು.

ನಾನು ಕಣ್ಣಾರೆ ಕಂಡಿದ್ದು ಒಂದು. ಟ್ಯಾಗುಗಳೆಲ್ಲ ಶುದ್ಧ, ಹುಡುಗರು ಖುಷಿ. ಸುಮ್ನೆ ಕೊನೆಯ ಸೀರೀಸ್ (ಚಿತ್ರಗಳ ಕಂತೆ) ತೆರೆದೆ. ಕಪ್ಪು ಪರದೆ ಮೇಲೆ ಬಿಳಿ ಅಕ್ಷರ: ರೋಗಿಯ ಪೂರ್ತಿ ಹೆಸರು, ವಯಸ್ಸು, ಕೆಳಗೆ ವಿಕಿರಣದ ಡೋಸ್ ಪಟ್ಟಿ. ಡೋಸ್ ರಿಪೋರ್ಟನ್ನು ಯಂತ್ರ ಒಂದು ಚಿತ್ರವಾಗಿ ಉಳಿಸಿತ್ತು. ಪಿಕ್ಸೆಲ್ ಒಳಗೇ ಹೆಸರು! ಯಾವ ಟ್ಯಾಗ್ ಅಳಿಸಿದರೂ ಅದು ಹೋಗಲ್ಲ. ಅಲ್ಟ್ರಾಸೌಂಡ್ ಚಿತ್ರಗಳಲ್ಲಂತೂ ಇದು ದಿನದ ಗೋಳು.

ದಿನಾಂಕದ ವಿಷಯಕ್ಕೂ ಹುಷಾರಾಗಿರಿ. ಪೂರ್ತಿ ಅಳಿಸಿದರೆ ಗಂಟು ಎಷ್ಟು ತಿಂಗಳಲ್ಲಿ ಎಷ್ಟು ಬೆಳೆಯಿತು ಅಂತ ಲೆಕ್ಕ ಹಾಕಲು ಆಗುವುದಿಲ್ಲ. ಒಬ್ಬ ರೋಗಿಯ ಎಲ್ಲ ದಿನಾಂಕಗಳನ್ನೂ ಒಂದೇ ಅಳತೆಯಲ್ಲಿ ಹಿಂದಕ್ಕೋ ಮುಂದಕ್ಕೋ ಸರಿಸಬೇಕು. ಆಗ ನಡುವಿನ ಅಂತರ ಹಾಗೇ ಉಳಿಯುತ್ತದೆ.

ತಲೆಯ ಸ್ಕ್ಯಾನ್ ಇದ್ದರೆ ಇನ್ನೊಂದು ತಲೆನೋವು. ಎಂಆರ್‌ಐಯಿಂದ ಮುಖ ಮರುಕಟ್ಟಿ ಮುಖ ಗುರುತಿಸುವ ಸಾಫ್ಟ್‌ವೇರಿಗೆ ಕೊಟ್ಟಾಗ 84 ಜನರಲ್ಲಿ 70 ಜನರನ್ನು ಫೋಟೋ ಜೊತೆ ಸರಿಯಾಗಿ ಹೊಂದಿಸಿತು. 2019ರ ಅಧ್ಯಯನ ಇದು.

ಪೈಥಾನ್‌ಪ್ರಿಯ:
ಶ್ವಾಸಕೋಶದ ಸಿಟಿಯಲ್ಲಿ ಮುಖ ಎಲ್ಲಿಂದ ಬಂತು ಮೇಡಂ?

ಮುಚ್ಚಿದಕಡತ:
ಅದೇ ರೋಗಿಯ ಪೆಟ್-ಸಿಟಿಯೂ (ವಿಕಿರಣಶೀಲ ಮದ್ದು ಕೊಟ್ಟು ಮಾಡುವ ಸ್ಕ್ಯಾನ್) ಡಿಸ್ಕಿನಲ್ಲಿ ಇದ್ದರೆ? ಕೆಲವು ಕಡೆ ಅದನ್ನು ತಲೆಯಿಂದಲೇ ಶುರು ಮಾಡುತ್ತಾರೆ. 'ಫೈನಲ್ ಹೊಸದು' ಒಳಗೆ ಏನೇನಿದೆ ಅಂತ ಬಲ್ಲಿರಾ ನೀವು?

ನೆರಳುಬೆಳಕು:
ಪೆಟ್ ಕೂಡ ಇದೆ. ಸುಮಾರು 200 ರೋಗಿಗಳದ್ದು. ಡೋಸ್ ರಿಪೋರ್ಟ್ ಈಗಷ್ಟೇ ತೆರೆದು ನೋಡಿದೆ. ಹೆಸರಿದೆ. ಡಿಸ್ಕನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಬಂದೆ.

ಪೆಟ್‌ಭೌತಜ್ಞೆ:
ಪೆಟ್ ಅಂದಿರಾ, ಬಂದೆ.

ಎಸ್‌ಯುವಿ, ಅಂದರೆ ದೇಹದ ಒಂದು ಜಾಗ ಆ ಮದ್ದನ್ನು ಎಷ್ಟು ಹೀರಿಕೊಂಡಿದೆ ಅನ್ನುವ ಅಳತೆ. ಅದನ್ನು ಲೆಕ್ಕ ಹಾಕಲು ರೋಗಿಯ ತೂಕ, ಕೊಟ್ಟ ಮದ್ದಿನ ಡೋಸ್, ಡೋಸ್ ಅಳೆದ ಹೊತ್ತು, ಸ್ಕ್ಯಾನ್ ಶುರುವಾದ ಹೊತ್ತು, ಇಷ್ಟೂ ಬೇಕು. ಮದ್ದಿನಲ್ಲಿರುವ ಫ್ಲೋರಿನ್-18ರ ಅರ್ಧಾಯುಷ್ಯ ಸುಮಾರು 110 ನಿಮಿಷ. ಈಗ ಯೋಚನೆ ಮಾಡಿ. ಡೋಸ್ ಅಳೆಯುವ ಕೋಣೆಯ ಗಡಿಯಾರಕ್ಕೂ ಸ್ಕ್ಯಾನರಿನ ಗಡಿಯಾರಕ್ಕೂ ಅರ್ಧ ಗಂಟೆ ವ್ಯತ್ಯಾಸ ಇದ್ದರೆ? ಎಸ್‌ಯುವಿಯಲ್ಲಿ ಸುಮಾರು 20% ತಪ್ಪು. ಒಂದು ಗಂಟೆ ಆದರೆ 45% ದಾಟಬಹುದು. ಚಿಕಿತ್ಸೆ ಕೆಲಸ ಮಾಡಿತಾ ಅಂತ ಹೇಳುವ ಪರ್ಸಿಸ್ಟ್ ಮಾನದಂಡದಲ್ಲಿ ನೋಡುವುದೇ 30% ಇಳಿಕೆಯನ್ನು. ಅಂದರೆ ಗೋಡೆ ಗಡಿಯಾರವೇ ಕ್ಯಾನ್ಸರ್ ವಾಸಿ ಮಾಡಿಬಿಡಬಹುದು!

ನಮ್ಮಲ್ಲಿ ಇದನ್ನು ಹಿಡಿದಿದ್ದು ಹೊರಗಿನಿಂದ ಬಂದ ಸಲಹೆಗಾರ್ತಿಯೇ. ಆಕೆ ಗಡ್ಡೆಯನ್ನು ನೋಡಲೇ ಇಲ್ಲ. ಎಲ್ಲ ರೋಗಿಗಳ ಯಕೃತ್ತಿನ ಸರಾಸರಿ ಎಸ್‌ಯುವಿ ತೆಗೆದು ದಿನಾಂಕದ ಪ್ರಕಾರ ಚುಕ್ಕಿ ಇಟ್ಟರು. ಎಫ್‌ಡಿಜಿ (ಫ್ಲೋರಿನ್-18 ಇರುವ ಸಕ್ಕರೆಯಂಥ ಮದ್ದು) ಕೊಟ್ಟಾಗ ಯಕೃತ್ತು ಸಾಮಾನ್ಯವಾಗಿ 2ರ ಆಸುಪಾಸು ಇರುತ್ತದೆ, ಹೆಚ್ಚು ಹಾರಾಡುವುದಿಲ್ಲ. ಗ್ರಾಫಿನಲ್ಲಿ ಚುಕ್ಕಿಗಳು ಸಾಲಾಗಿ ಹೋಗಿ ಒಂದು ದಿನದಿಂದ ಇದ್ದಕ್ಕಿದ್ದ ಹಾಗೆ ಮೆಟ್ಟಿಲಿನಂತೆ ಇಳಿದಿದ್ದವು. ಆ ದಿನ ಸ್ಕ್ಯಾನರ್ ರಿಪೇರಿ ಆಗಿತ್ತು, ಗಡಿಯಾರ ಹೊಂದಿಸಿರಲಿಲ್ಲ. ನಾನು ಅದೇ ಕಟ್ಟಡದಲ್ಲಿ ಕೂತು ಏಳು ತಿಂಗಳು ನೋಡಿರಲಿಲ್ಲ. ಇನ್ನೂ ನಾಚಿಕೆ ಆಗುತ್ತದೆ.

ಪೈಥಾನ್‌ಪ್ರಿಯ:
ಸರಿ, ಇದು ಚೆನ್ನಾಗಿದೆ. ಒಪ್ಪಿದೆ.

ಪ್ಯಾಕ್ಸ್‌ಕಾವಲುಗಾರ:
ಎಲ್ಲರೂ ಹೊರಗಿನವರ ಗುಣಗಾನ ಮಾಡುತ್ತಿದ್ದೀರಿ. ಹಿತ್ತಲ ಗಿಡ ಮದ್ದಲ್ಲ ಅಲ್ವಾ! ಆಸ್ಪತ್ರೆಯಲ್ಲಿ ಪ್ಯಾಕ್ಸ್ (ಸ್ಕ್ಯಾನ್‌ಗಳನ್ನೆಲ್ಲ ಇಡುವ ಕಂಪ್ಯೂಟರ್ ವ್ಯವಸ್ಥೆ) ನೋಡಿಕೊಳ್ಳುವ ನನ್ನಂಥವನೊಬ್ಬ ಇರುತ್ತಾನೆ. ಯಾವ ಸ್ಕ್ಯಾನರ್ ಯಾವಾಗ ಬಂತು, ಯಾವ ವರ್ಷದಲ್ಲಿ ತೆಳು ಸ್ಲೈಸುಗಳನ್ನು ಜಾಗ ಇಲ್ಲ ಅಂತ ಅಳಿಸಿದರು, ರೋಗಿ ಸಂಖ್ಯೆಯ ಪದ್ಧತಿ ಯಾವಾಗ ಬದಲಾಯಿತು, ಎಲ್ಲ ಅವನ ತಲೆಯಲ್ಲಿದೆ. ಸಂಶೋಧಕರು ಅವನ ಹತ್ತಿರ ಬರುವುದು 'ಅಣ್ಣಾ, ಈ 1400 ಸ್ಕ್ಯಾನ್ ನಾಳೆ ಬೆಳಿಗ್ಗೆಗೆ ಬೇಕು' ಅನ್ನಲು ಮಾತ್ರ.

ಟ್ಯಾಗ್‌ಮೇಸ್ತ್ರಿ:
ಈ ಮಾತಿಗೆ ಸಲಾಂ. ನಾನು ಹೋದ ಕಡೆಯೆಲ್ಲ ಮೊದಲು ಹುಡುಕುವುದು ನಿಮ್ಮಂಥವರನ್ನೇ.

ಸಂಜೆಪಾಳಿ:
ಟೆಕ್ನೀಷಿಯನ್‌ಗಳನ್ನೂ ಸೇರಿಸಿಕೊಳ್ಳಿ ಸರ್. ಹೆಡರಿನಲ್ಲಿ ದೇಹದ ಭಾಗ 'ಹೊಟ್ಟೆ' ಅಂತ ಇರುತ್ತದೆ, ಚಿತ್ರ ನೋಡಿದರೆ ಎದೆ. ಯಾಕೆ ಗೊತ್ತಾ? ಹೊಟ್ಟೆಯ ಪ್ರೋಟೋಕಾಲನ್ನೇ (ಯಂತ್ರದ ಸಿದ್ಧ ಸೆಟ್ಟಿಂಗ್) ನಕಲು ಮಾಡಿ ಎದೆಗೆ ಹೊಂದಿಸಿಕೊಂಡಿರುತ್ತೇವೆ, ಹೆಸರು ಬದಲಿಸಲು ಪುರುಸೊತ್ತು ಇರಲ್ಲ. ಹೊರಗೆ ಸಾಲು ನಿಂತಿರುತ್ತದೆ. ಆಮೇಲೆ ಯಾರೋ 'ಎದೆ' ಅಂತ ಹುಡುಕಿ ನೂರಾರು ಸ್ಕ್ಯಾನ್ ಕಳೆದುಕೊಳ್ಳುತ್ತಾರೆ. ಸ್ಕ್ಯಾನ್ ರೂಮಿಗೆ ಬಂದು ಅರ್ಧ ದಿನ ಕೂತು ನೋಡಿದ ಸಲಹೆಗಾರನನ್ನು ನಾನು ಕಂಡಿದ್ದು ಒಬ್ಬನೇ ಒಬ್ಬನನ್ನು. ಅವನು ಒಳ್ಳೆಯವನು.

ಸಂಖ್ಯೆಗಾರ:
ಎಲ್ಲರೂ ಹೆಡರಿನಲ್ಲೇ ಮುಳುಗಿದ್ದೀರಿ. ನಾನು ಸ್ಟಾಟಿಸ್ಟಿಕ್ಸ್ ಕಡೆಯವನು, ನನ್ನ ಪ್ರಶ್ನೆ ಬೇರೆ. ಗಂಟು ಕ್ಯಾನ್ಸರ್ ಅಂತ ಹೇಳಿದ್ದು ಯಾರು?

ಬಯಾಪ್ಸಿ ಆಗಿದ್ದರೆ ಸರಿ. ಕ್ಯಾನ್ಸರ್ ಅಲ್ಲ ಅಂದವರಿಗೆ? ಎರಡು ವರ್ಷ ಬೆಳೆಯದೆ ಇದ್ದ ಗಂಟನ್ನು ನಿರಪಾಯ ಅಂದುಕೊಂಡಿರಾ, ಅಥವಾ ರಿಪೋರ್ಟಿನಲ್ಲಿ ಬರೆದಿತ್ತು ಅಂತ ನಂಬಿದಿರಾ? ಬರೀ ರೇಡಿಯಾಲಜಿಸ್ಟ್ ಕಣ್ಣಿನ ಮೇಲೆ ನಿಂತರೆ ಏನಾಗುತ್ತದೆ ಅನ್ನುವುದಕ್ಕೆ ಎಲ್‌ಐಡಿಸಿ ಅನ್ನುವ ಶ್ವಾಸಕೋಶ ಸ್ಕ್ಯಾನ್‌ಗಳ ಸಂಗ್ರಹ ನೋಡಿ. 1018 ಸಿಟಿಗಳು. ನಾಲ್ಕು ರೇಡಿಯಾಲಜಿಸ್ಟರು ಮೊದಲು ಒಬ್ಬೊಬ್ಬರೇ ನೋಡಿ, ಆಮೇಲೆ ಉಳಿದವರ ಗುರುತುಗಳನ್ನೂ ನೋಡಿ ಮತ್ತೆ ತೀರ್ಮಾನ ಹೇಳಿದರು. 3 ಮಿಮೀ ಅಥವಾ ಅದಕ್ಕಿಂತ ದೊಡ್ಡ ಗಂಟು ಅಂತ ಒಬ್ಬರಾದರೂ ಹೇಳಿದ್ದು 2669. ನಾಲ್ವರೂ ಒಪ್ಪಿದ್ದು 928. ಅರ್ಧಕ್ಕಿಂತ ಎಷ್ಟೋ ಕಡಿಮೆ! ಇಲ್ಲಿ ಜಗಳ ಇನ್ನೂ ಕ್ಯಾನ್ಸರ್ ಹೌದಾ ಅನ್ನುವುದಕ್ಕೂ ಬಂದಿಲ್ಲ, ಗಂಟು ಇದೆಯಾ ಅನ್ನುವುದರಲ್ಲೇ ಇದೆ.

ಇನ್ನೊಂದು. 1400 ರೋಗಿಗಳು ಅಂದರೆ 1400 ಸ್ಕ್ಯಾನ್ ಅಲ್ಲ. ಒಬ್ಬರಿಗೇ ಮೂರು ನಾಲ್ಕು ಸಲ ಆಗಿರುತ್ತದೆ. ಸ್ಕ್ಯಾನ್ ಲೆಕ್ಕದಲ್ಲಿ ಚೀಟಿ ಎತ್ತಿ ಕಲಿಕೆಗೆ ಒಂದು ಪಾಲು, ಪರೀಕ್ಷೆಗೆ ಒಂದು ಪಾಲು ಮಾಡಿದರೆ ಅದೇ ರೋಗಿ ಎರಡೂ ಕಡೆ ಬರುತ್ತಾನೆ. ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕ ಹಾಗೆ.

ಕೊನೆಯದಾಗಿ ರೇಡಿಯಾಮಿಕ್ಸ್. ಚಿತ್ರದಿಂದ ಗಡ್ಡೆಯ ನೂರಾರು ಲಕ್ಷಣ ಅಳೆದು ಖುಷಿ ಪಡುತ್ತಾರೆ. 2014ರಲ್ಲಿ ತುಂಬಾ ಹೆಸರು ಮಾಡಿದ ಒಂದು ರೇಡಿಯಾಮಿಕ್ಸ್ ಸೂತ್ರವನ್ನು 2019ರಲ್ಲಿ ಬೇರೆಯವರು ಮತ್ತೆ ಪರೀಕ್ಷಿಸಿದರು. ಗಡ್ಡೆಯೊಳಗಿನ ಪಿಕ್ಸೆಲ್‌ಗಳನ್ನು ಇಸ್ಪೀಟಿನ ಎಲೆ ಹಾಗೆ ಕಲಸಿದರೂ ಸೂತ್ರ ಅಷ್ಟೇ ಚೆನ್ನಾಗಿ ಕೆಲಸ ಮಾಡಿತು. ಅದು ಅಳೆಯುತ್ತಿದ್ದದ್ದು ಮುಖ್ಯವಾಗಿ ಗಡ್ಡೆಯ ಗಾತ್ರವನ್ನು. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು.

ನೆರಳುಬೆಳಕು:
@ಸಂಖ್ಯೆಗಾರ ಲೇಬಲ್‌ಗಳು, ಅಂದರೆ ಕ್ಯಾನ್ಸರ್ ಹೌದಾ ಅಲ್ಲವಾ ಅನ್ನುವುದು, ಎಕ್ಸೆಲ್ ಶೀಟಿನಲ್ಲಿವೆ. ಯಾರು ತುಂಬಿದ್ದು ಅಂತ ವಿಚಾರಿಸಬೇಕು. ಮೂರು ಜನ ತುಂಬಿದ ಹಾಗಿದೆ, ಒಬ್ಬರು 'ಹೌದು/ಇಲ್ಲ', ಒಬ್ಬರು '1/0', ಒಬ್ಬರು ಬರೀ ಬಣ್ಣ ಹಾಕಿದ್ದಾರೆ.

ಹಳೇಸರ್ವರ್:
ಬಣ್ಣ!!

ಸಂಖ್ಯೆಗಾರ:
ಎಕ್ಸೆಲ್ ಅಂದಿರಲ್ಲ, ಆಸ್ಪತ್ರೆ ಐಡಿ ಸೊನ್ನೆಯಿಂದ ಶುರುವಾಗುತ್ತಾ ನೋಡಿ. ಹಾಗಿದ್ದರೆ ಮೊದಲಿನ ಸೊನ್ನೆಗಳನ್ನು ಎಕ್ಸೆಲ್ ನುಂಗಿರುತ್ತದೆ. 00417 ಹೋಗಿ 417.

ಪ್ಯಾಕ್ಸ್‌ಕಾವಲುಗಾರ:
ಅದು ಚಿಕ್ಕ ಪಾಪ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿ ಮಾತ್ರ ಉಳಿಸಿಕೊಳ್ಳುತ್ತದೆ. 16 ಅಂಕಿಯ ಆಕ್ಸೆಶನ್ ನಂಬರ್ (ಸ್ಕ್ಯಾನಿಗೆ ಆಸ್ಪತ್ರೆ ಕೊಡುವ ನಂಬರ್) ಹಾಕಿದರೆ ಕೊನೆಯದು ಸೊನ್ನೆ. ಹತ್ತು ಬೇರೆ ಬೇರೆ ರೋಗಿಗಳು ಒಂದೇ ನಂಬರ್ ಹೊತ್ತು ನಿಲ್ಲುತ್ತಾರೆ.

ಪೈಥಾನ್‌ಪ್ರಿಯ:
ಜೀನ್‌ಗಳ ಕಥೆ ಗೊತ್ತಲ್ಲ? ಮಾರ್ಚ್1, ಸೆಪ್ಟ್1 ಅನ್ನುವ ಜೀನ್ ಹೆಸರುಗಳನ್ನು ಎಕ್ಸೆಲ್ ದಿನಾಂಕ ಮಾಡಿ ಮಾಡಿ ಕೊನೆಗೆ ಜೀನ್‌ಗಳ ಹೆಸರನ್ನೇ ಬದಲಾಯಿಸಿಬಿಟ್ಟರು. 2020ರಲ್ಲಿ ಅದಕ್ಕೆ ಹೊಸ ನಿಯಮವೇ ಬಂತು.

ಹಳೇಸರ್ವರ್:
ಎಕ್ಸೆಲ್ ಗೆದ್ದಿತು, ವಿಜ್ಞಾನ ಸೋತಿತು.

ಕೈಸುಟ್ಟವ:
ಎಲ್ಲರೂ ಒಳ್ಳೆ ಸಲಹೆಗಾರರ ಬಗ್ಗೆ ಹೇಳಿದಿರಿ, ನಾನು ಕೆಟ್ಟದ್ದು ಹೇಳುತ್ತೇನೆ. ನಾವು ಒಬ್ಬರನ್ನು ಕರೆಸಿದ್ದೆವು. ದೊಡ್ಡ ಹೆಸರು, ಇಲ್ಲಿ ಹೇಳುವುದು ಬೇಡ. ನಮಗಾಗಿಯೇ ಒಂದು ಡೇಟಾಬೇಸ್ ಕಟ್ಟಿಕೊಟ್ಟರು. ಗುರುತು ಹಾಕಿದ ಗಡ್ಡೆಗಳೆಲ್ಲ ಅವರದ್ದೇ ಫಾರ್ಮ್ಯಾಟಿನಲ್ಲಿ. ಒಪ್ಪಂದ ಮುಗಿಯಿತು, ಅವರು ಹೋದರು. ಆರು ತಿಂಗಳ ನಂತರ ಸರ್ವರ್ ಬದಲಾಯಿತು, ಒಂದು ಫೈಲೂ ತೆರೆಯಲಿಲ್ಲ. ದಾಖಲೆ ಅಂತ ಇದ್ದದ್ದು ಒಂದೂವರೆ ಪುಟ. ಅದರಲ್ಲಿ ಅರ್ಧ ಪುಟ ಅವರ ಲೋಗೋ.

ಗುರುತುಗಳನ್ನು ಹೇಗೋ ಹೊರಗೆ ತೆಗೆದೆವು, ನಿಫ್ಟಿ ಅನ್ನುವ ಇನ್ನೊಂದು ಚಿತ್ರ ರೂಪದ ಫೈಲಾಗಿ. ಅಲ್ಲಿ ಇನ್ನೊಂದು ಗ್ರಹಚಾರ. ಡೈಕಾಮಿನಲ್ಲಿ ಅಡ್ಡ ಅಕ್ಷದ ಸಂಖ್ಯೆ ರೋಗಿಯ ಎಡಕ್ಕೆ ಬೆಳೆಯುತ್ತದೆ, ನಿಫ್ಟಿಯಲ್ಲಿ ಬಲಕ್ಕೆ. ಬದಲಿಸುವಾಗ ಯಾರೋ ಇದನ್ನು ಮರೆತಿದ್ದರು. ಬಲ ಶ್ವಾಸಕೋಶದ ಗಡ್ಡೆಯ ಗುರುತು ಎಡ ಶ್ವಾಸಕೋಶದ ಮೇಲೆ ಕೂತಿತ್ತು. ಡೈಸ್ ಅಂಕ (ಮಾಡೆಲ್ ಗುರುತೂ ನಮ್ಮ ಗುರುತೂ ಎಷ್ಟು ಒಂದರ ಮೇಲೊಂದು ಕೂರುತ್ತವೆ ಅನ್ನುವ ಅಳತೆ) ಸೊನ್ನೆ ಬರುತ್ತಿತ್ತು, ನಾವು ಮಾಡೆಲನ್ನು ಬೈಯುತ್ತಿದ್ದೆವು! ಮೂರು ವಾರ ಆದ ಮೇಲೆ ಒಬ್ಬ ರೆಸಿಡೆಂಟ್ ಬಂದು ಗುರುತಿನ ಫೈಲನ್ನು ಸ್ಕ್ಯಾನ್ ಮೇಲೆ ಹಾಕಿ ನೋಡಿ 'ಸರ್, ಇದು ಹೃದಯದ ಮೇಲಿದೆಯಲ್ಲ' ಅಂದ.

ಒಪ್ಪಂದದಲ್ಲೇ ಬರೆಸಿಕೊಳ್ಳಿ. ಕೋಡ್ ನಮ್ಮದು. ಗುರುತುಗಳು ಡೈಕಾಮ್ ಸೆಗ್‌ನಂಥ ಎಲ್ಲರೂ ಓದುವ ರೂಪದಲ್ಲಿ ಬೇಕು. ಪ್ರತಿ ಕಾಲಮ್ಮಿನ ಅರ್ಥ ಬರೆದು ಕೊಡಬೇಕು. ಹೋಗುವ ಮುಂಚೆ ನಮ್ಮ ಹುಡುಗ ಒಬ್ಬನೇ ಮೊದಲಿನಿಂದ ಕೊನೆವರೆಗೆ ಓಡಿಸಿ ತೋರಿಸಬೇಕು, ಅವರು ಪಕ್ಕದಲ್ಲಿ ಕೈ ಕಟ್ಟಿ ಕೂತಿರಬೇಕು.

ಟ್ಯಾಗ್‌ಮೇಸ್ತ್ರಿ:
ಕೊನೆಯ ಸಾಲು ನಾನೂ ಕದಿಯುತ್ತೇನೆ.

ನಾಳೆಯಮಾತು:
ಇಷ್ಟೆಲ್ಲ ಯಾಕೆ, ಈಗ ಎಐ ಬಂದಿದೆ. ಸ್ವೀಡನ್‌ನಲ್ಲಿ ಮ್ಯಾಮೋಗ್ರಾಮ್ ಓದುವ ಕೆಲಸ 44% ಕಡಿಮೆ ಆಯಿತಂತೆ. ಇನ್ನು ಹತ್ತು ವರ್ಷಕ್ಕೆ ರೇಡಿಯಾಲಜಿಸ್ಟೂ ಬೇಡ, ಸಲಹೆಗಾರರೂ ಬೇಡ.

ಸಂಖ್ಯೆಗಾರ:
ಅದೇ 2023ರ ವರದಿಯನ್ನು ಪೂರ್ತಿ ಓದಿ. 80 ಸಾವಿರ ಮಹಿಳೆಯರು, ಚೀಟಿ ಎತ್ತಿ ಎರಡು ಗುಂಪು ಮಾಡಿದ ಪ್ರಯೋಗ. ಎಐ ಗುಂಪಿನಲ್ಲೂ ಚಿತ್ರವನ್ನು ಒಬ್ಬ ರೇಡಿಯಾಲಜಿಸ್ಟ್ ನೋಡುತ್ತಿದ್ದರು, ಅಪಾಯ ಜಾಸ್ತಿ ಅಂದರೆ ಇಬ್ಬರು. ಕಡಿಮೆಯಾದದ್ದು ಎರಡನೆಯ ರೇಡಿಯಾಲಜಿಸ್ಟರ ಕೆಲಸ. ಇಂಥದ್ದೊಂದು ಪ್ರಯೋಗ ನಡೆಸಲು ಹಿಂದೆ ಎಷ್ಟು ಜನ ಡೇಟಾ ಸರಿಮಾಡಿರುತ್ತಾರೆ ಅಂತ ಊಹೆ ಮಾಡಿ.

ನಾಳೆಯಮಾತು:
ಹತ್ತು ವರ್ಷ ಅಂದೆ, ಇವತ್ತು ಅನ್ನಲಿಲ್ಲ.

ಪೈಥಾನ್‌ಪ್ರಿಯ:
@ನೆರಳುಬೆಳಕು ಇನ್ನೊಂದು ಕೇಳಬೇಕಿತ್ತು. ಇದನ್ನೆಲ್ಲ ಇಡೋಕೆ ಎಷ್ಟು ಜಾಗ ಬೇಕಾಗುತ್ತೆ? ಸಲಹೆಗಾರರು ಬಂದ ಕೂಡಲೇ ಕ್ಲೌಡ್ ಅನ್ನುತ್ತಾರೆ.

ಪ್ಯಾಕ್ಸ್‌ಕಾವಲುಗಾರ:
ಬೆರಳಲ್ಲೇ ಎಣಿಸಬಹುದು. 512 ಅಡ್ಡ 512 ಉದ್ದ, ಪಿಕ್ಸೆಲ್‌ಗೆ ಎರಡು ಬೈಟ್. ಒಂದು ಸ್ಲೈಸ್ ಅರ್ಧ ಎಂಬಿ. 300 ಸ್ಲೈಸ್ ಇದ್ದರೆ 150 ಎಂಬಿ. 1400 ಸ್ಕ್ಯಾನ್ ಆದರೆ ಸುಮಾರು 210 ಜಿಬಿ. ಒಬ್ಬರಿಗೆ ಮೂರು ಸ್ಕ್ಯಾನ್ ಅಂದರೂ ಒಂದು ಟಿಬಿ ದಾಟಲ್ಲ. ಕ್ಲೌಡ್ ಬೇಕಾದರೆ ತಗೊಳ್ಳಿ, ಆದರೆ ಜಾಗ ಇಲ್ಲ ಅನ್ನುವ ಕಾರಣಕ್ಕೆ ಬೇಡ.

ನೆರಳುಬೆಳಕು:
ಹನ್ನೆರಡು ದಿನ ಆಯಿತು, ಬಂದು ಹೇಳೋಣ ಅನ್ನಿಸಿತು.

ಮೊದಲು ಗೌಪ್ಯತೆ ವಿಭಾಗದವರ ಹತ್ತಿರ ಹೋಗಿ ಡಿಸ್ಕಿನ ವಿಷಯ ಒಪ್ಪಿಕೊಂಡೆ. ಬೈಸಿಕೊಂಡೆ. ಆಮೇಲೆ ನಮ್ಮ ಹುಡುಗ ಟ್ಯಾಗ್‌ಮೇಸ್ತ್ರಿ ಹೇಳಿದ ಹೆಡರ್ ಟೇಬಲ್ ಮಾಡಿದ. ಇಪ್ಪತ್ತು ಅಲ್ಲ, ಮೂವತ್ತೊಂದು ಸಾಲು ಕೋಡ್. ಪ್ರಿಂಟ್ ತೆಗೆದು ನನ್ನ ಟೇಬಲ್ ಮೇಲಿಟ್ಟು ಏನೂ ಮಾತಾಡದೆ ನಿಂತ. ಎರಡು ಆಸ್ಪತ್ರೆಗಳದ್ದು 1 ಮಿಮೀ. ಮೂರನೆಯದರದ್ದು ಪೂರ್ತಿ 5 ಮಿಮೀ. 6 ಮಿಮೀ ಗಂಟು ಅಲ್ಲಿ ಒಂದೋ ಎರಡೋ ಸ್ಲೈಸಿನಲ್ಲಿ ಕಂಡರೆ ಹೆಚ್ಚು. ನಮ್ಮ ಕ್ಯಾನ್ಸರ್ ಇಲ್ಲದ ರೋಗಿಗಳಲ್ಲಿ ಮುಕ್ಕಾಲು ಪಾಲು ಜನ ಅದೇ ಆಸ್ಪತ್ರೆಯವರು. ಮೇಲೆ ಹೇಳಿದ ಕಥೆ ನಮ್ಮದೇ ಆಗಿತ್ತು.

ಆ ಆಸ್ಪತ್ರೆಯ ಪ್ಯಾಕ್ಸ್ ನೋಡಿಕೊಳ್ಳುವವರಿಗೆ ಫೋನ್ ಮಾಡಿದೆ. 'ತೆಳು ಸ್ಲೈಸ್ ಹಳೇ ಆರ್ಕೈವಿನಲ್ಲಿ ಇದೆ ಮೇಡಂ, ಯಾರೂ ಕೇಳಲಿಲ್ಲ ಅಂತ ಕೊಡಲಿಲ್ಲ' ಅಂದರು. ಎಲ್ಲರದ್ದೂ ಇಲ್ಲ, ಸುಮಾರು 300 ರೋಗಿಗಳದ್ದು ಇದೆ.

ಸಲಹೆಗಾರರನ್ನು ಕರೆಸುತ್ತಿದ್ದೇವೆ, ಮೊದಲು ಆರು ವಾರಕ್ಕೆ ಮಾತ್ರ. ಮಾತಾಡಿಸಿದ ಮೂವರಲ್ಲಿ ಇಬ್ಬರು ಮಾಡೆಲ್ ಬಗ್ಗೆ ಮಾತಾಡಿದರು. ಮೂರನೆಯವರು 'ಲೇಬಲ್ ಶೀಟ್ ಯಾರು ತುಂಬಿದ್ದು?' ಅಂತ ಕೇಳಿದರು. ಅವರನ್ನೇ ಕರೆದೆವು. ಹುಡುಗ ಅವರ ಜೊತೆ ಕೂರುತ್ತಾನೆ.

ಪ್ಯಾಕ್ಸ್‌ಕಾವಲುಗಾರ:
'ಯಾರೂ ಕೇಳಲಿಲ್ಲ ಅಂತ ಕೊಡಲಿಲ್ಲ.' ಇದನ್ನು ಫ್ರೇಮ್ ಹಾಕಿಸಿ ನನ್ನ ಕೋಣೆಯಲ್ಲಿ ತೂಗು ಹಾಕುತ್ತೇನೆ.

ಪೆಟ್‌ಭೌತಜ್ಞೆ:
ಪೆಟ್ ಗಡಿಯಾರ ನೋಡಿದಿರಾ?

ನೆರಳುಬೆಳಕು:
ಮುಂದಿನ ವಾರ. ಯಕೃತ್ತಿನ ಚುಕ್ಕಿ ಇಡೋಕೆ ಹುಡುಗನಿಗೆ ಹೇಳಿದ್ದೇನೆ. ಎರಡು ದಿನ ಸಾಕು ಅಂದಿದ್ದಾನೆ.

ಹಳೇಸರ್ವರ್:
ಅಂದರೆ ಎರಡು ವಾರ. ಅದಿರಲಿ, 'ಫೈನಲ್ ಹೊಸದು' ಒಳಗೆ ಏನಿತ್ತು ಕೊನೆಗೆ?

ನೆರಳುಬೆಳಕು:
'ಹೊಸದು2'ರ ನಕಲು. 11 ಸ್ಕ್ಯಾನ್ ಕಡಿಮೆ.